ನಾಲ್ಕು ಜನರ ಮುಂದೆ ಬಾಯಿ ಬಿಡಲು ಭಯ: ಸೋಶಿಯಲ್ ಆಂಗ್ಸೈಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಓದುವ ಮಕ್ಕಳು, ಅವರ ಅಪ್ಪ ಅಮ್ಮ, ಹೊಸದಾಗಿ ಕೆಲಸಕ್ಕೆ ಸೇರಿದವರು, ನಲವತ್ತು ದಾಟಿದವರು, ಈ ವಿಷಯದಲ್ಲಿ ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ವಯಸ್ಸಿನ ವಿಷಯಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ಕಾಯಿಲೆ ಶುರುವಾಗುವುದು ಹೈಸ್ಕೂಲಿನ ಆಸುಪಾಸಿನಲ್ಲಿ. ಜನ ಡಾಕ್ಟರ ಹತ್ತಿರ ಹೋಗುವುದು, ಅದೂ ಹೋದರೆ, ಎಷ್ಟೋ ವರ್ಷ ಕಳೆದ ಮೇಲೆ. ನಡುವಿನ ಆ ವರ್ಷಗಳಲ್ಲೇ ಓದು, ಸ್ನೇಹ, ಧೈರ್ಯ ಎಲ್ಲ ಕೈತಪ್ಪಿ ಹೋಗುತ್ತವೆ.

ಇದು ಬರೀ ನಾಚಿಕೆ ಸ್ವಭಾವ ಅಲ್ವಾ? ಇದನ್ನು ಕಾಯಿಲೆ ಅಂತ ಯಾಕೆ ಕರೆಯಬೇಕು?

ನಾಚಿಕೆ ಸ್ವಭಾವದವರು ಮದುವೆ ಮನೆಗೆ ಹೋದರೆ ಮೊದಲ ಅರ್ಧ ಗಂಟೆ ಮೂಲೆ ಹಿಡಿಯುತ್ತಾರೆ. ಆಮೇಲೆ ಯಾರೋ ಮಾತಾಡಿಸುತ್ತಾರೆ, ಇವರೂ ಹೊಂದಿಕೊಳ್ಳುತ್ತಾರೆ, ಊಟ ಮಾಡಿ ಖುಷಿಯಾಗಿಯೇ ಮನೆಗೆ ಬರುತ್ತಾರೆ.

ಸೋಶಿಯಲ್ ಆಂಗ್ಸೈಟಿ ಇರುವವರಿಗೆ ಲಗ್ನಪತ್ರಿಕೆ ಬಂದ ದಿನದಿಂದಲೇ ಹೊಟ್ಟೆಯಲ್ಲಿ ಸಂಕಟ. ‘ಏನ್ ಕೆಲಸ ಮಾಡ್ತಿದೀಯಾ ಅಂತ ಕೇಳಿದ್ರೆ ಏನು ಹೇಳಲಿ? ಪಂಕ್ತಿಯಲ್ಲಿ ಕೂತಾಗ ಕೈ ನಡುಗಿದ್ರೆ?’ ಹಿಂದಿನ ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದು ‘ತಲೆನೋವು, ನೀವು ಹೋಗಿ ಬನ್ನಿ’ ಅಂದುಬಿಡುತ್ತಾರೆ. ಹಾಗೂ ಹೀಗೂ ಹೋಗಿ ಬಂದರೆ, ಆಡಿದ ಎರಡು ಮಾತನ್ನೇ ಮೂರು ದಿನ ತಲೆಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಛೇ ಎಂಥಾ ಎಡವಟ್ಟು ಮಾಡಿದೆ ಎಂದು ಕೊರಗುತ್ತಾರೆ.

ವೈದ್ಯರು ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ. ಬೇರೆಯವರು ನನ್ನನ್ನು ಅಳೆಯುತ್ತಾರೆ, ಅವಮಾನವಾಗುತ್ತದೆ ಎನ್ನುವ ಭಯ ಇದೆಯಾ? ಅದಕ್ಕಾಗಿ ಅಂಥ ಜಾಗಗಳನ್ನು ತಪ್ಪಿಸುತ್ತಿದ್ದಾರಾ, ಇಲ್ಲವೇ ಹಲ್ಲು ಕಚ್ಚಿ ಸಹಿಸುತ್ತಿದ್ದಾರಾ? ಆರು ತಿಂಗಳಿಗೂ ಮೀರಿ ಇದು ಓದು, ಕೆಲಸ, ಸಂಬಂಧಗಳಿಗೆ ಅಡ್ಡ ಬಂದಿದೆಯಾ? ಮೂರಕ್ಕೂ ಹೌದು ಎಂದರೆ ಅದನ್ನು ಸ್ವಭಾವ ಅಂತ ತಳ್ಳಿಹಾಕುವುದು ಸರಿಯಲ್ಲ.

ಸಾಮಾನ್ಯವಾಗಿ ಯಾವ ವಯಸ್ಸಿನಲ್ಲಿ ಶುರುವಾಗುತ್ತದೆ?

ಹದಿಮೂರರ ಆಸುಪಾಸು. ಅಮೆರಿಕದ ಸಮೀಕ್ಷೆಗಳಲ್ಲಿ ಶುರುವಾಗುವ ವಯಸ್ಸಿನ ನಡುಬಿಂದು 13 ವರ್ಷ. ನಾಲ್ಕರಲ್ಲಿ ಮೂರು ಜನಕ್ಕೆ 8ರಿಂದ 15 ವರ್ಷದ ಒಳಗೇ ಶುರುವಾಗಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ.

ಈ ಕಾಯಿಲೆಯನ್ನು ಬೇರೆ ಭಯಗಳಿಂದ ಬಿಡಿಸಿ ನೋಡಲು ದಾರಿಯಾದದ್ದೇ ವಯಸ್ಸು. 1966ರಲ್ಲಿ ಲಂಡನ್ನಿನಲ್ಲಿ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್ ಎಂಬ ಇಬ್ಬರು ಮನೋವೈದ್ಯರು ತಮ್ಮಲ್ಲಿಗೆ ಬಂದ ರೋಗಿಗಳ ಭಯ ಯಾವಾಗ ಶುರುವಾಯಿತು ಎಂದು ವಿಂಗಡಿಸಿದರು. ನಾಯಿ, ಹಕ್ಕಿ, ಜೇಡದಂಥ ಭಯಗಳು ಪುಟ್ಟ ವಯಸ್ಸಿನವು. ಮನೆಯಿಂದ ದೂರ ಒಬ್ಬರೇ ಹೋಗುವ ಭಯ, ಸಂತೆಯಂಥ ಗುಂಪಿನ ಭಯ ಯೌವನದಲ್ಲಿ ಬಂದವು. ಜನ ನೋಡುತ್ತಾರೆ ಎನ್ನುವ ಭಯ ಮಾತ್ರ ಹರೆಯದಲ್ಲಿ ಕಾಣಿಸಿಕೊಂಡಿತ್ತು. ಹಾಗಾದರೆ ಇವೆಲ್ಲ ಒಂದೇ ಕಾಯಿಲೆ ಅಲ್ಲ ಎಂದು ಅವರು ವಾದಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿ ಇದಕ್ಕೆ ಸೋಶಿಯಲ್ ಫೋಬಿಯಾ ಎಂಬ ಹೆಸರಿನಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು.

ಒಟ್ಟಾರೆ ಮಾನಸಿಕ ಕಾಯಿಲೆಗಳ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. 192 ಅಧ್ಯಯನಗಳನ್ನು, ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಸೇರಿಸಿದ ಒಂದು ವಿಶ್ಲೇಷಣೆ 2022ರಲ್ಲಿ ಬಂತು. ಮಾನಸಿಕ ಕಾಯಿಲೆ ಬಂದವರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಅದು 14 ತುಂಬುವ ಮೊದಲೇ ಶುರುವಾಗಿತ್ತು. ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ 18ರ ಒಳಗೆ.

ಅದೇ ವಯಸ್ಸಿನಲ್ಲಿ ಯಾಕೆ?

ಆರನೇ, ಏಳನೇ ಕ್ಲಾಸಿನ ತನಕ ಮಗುವಿಗೆ ಅಪ್ಪ ಅಮ್ಮ, ಮೇಷ್ಟ್ರು ಏನಂದುಕೊಳ್ಳುತ್ತಾರೆ ಎನ್ನುವುದೇ ಮುಖ್ಯ. ಆಮೇಲೆ ಓರಗೆಯವರ ಕಣ್ಣು ದೊಡ್ಡದಾಗುತ್ತದೆ. ಮೈ ಬದಲಾಗುತ್ತದೆ, ದನಿ ಒಡೆಯುತ್ತದೆ, ಮೊಡವೆ ಬರುತ್ತದೆ. ಬೇರೆಯವರ ತಲೆಯೊಳಗೆ ನನ್ನ ಬಗ್ಗೆ ಏನಿದೆ ಎಂದು ಊಹಿಸುವ ಶಕ್ತಿ ಇದೇ ಹೊತ್ತಿಗೆ ಚುರುಕಾಗುತ್ತದೆ. ಇದೆಲ್ಲ ಬೆಳವಣಿಗೆಯ ಭಾಗವೇ. ಬಹಳಷ್ಟು ಮಕ್ಕಳು ಒಂದೆರಡು ವರ್ಷ ಮುಜುಗರಪಟ್ಟು ದಾಟಿಬಿಡುತ್ತಾರೆ. ಹುಟ್ಟಿನಿಂದಲೇ ಹಿಂಜರಿಕೆ ಜಾಸ್ತಿ ಇದ್ದ ಮಗುವಿಗೆ, ಅಥವಾ ಇದೇ ಸಮಯದಲ್ಲಿ ಬಲವಾಗಿ ಅವಮಾನಕ್ಕೆ ಸಿಕ್ಕ ಮಗುವಿಗೆ, ದಾಟುವುದು ಕಷ್ಟವಾಗುತ್ತದೆ.

ನಮ್ಮಲ್ಲಿ ಇದೇ ವಯಸ್ಸಿಗೆ ಇನ್ನೂ ಒಂದು ಸೇರಿಕೊಳ್ಳುತ್ತದೆ. ಊರಿನ ಕನ್ನಡ ಶಾಲೆ ಬಿಟ್ಟು ಪಟ್ಟಣದ ಹೈಸ್ಕೂಲು, ಅಲ್ಲಿಂದ ಇಂಗ್ಲಿಷ್ ಮೀಡಿಯಂ ಪಿಯುಸಿ, ಹಾಸ್ಟೆಲ್. ಹಳೆ ಗೆಳೆಯರು ಯಾರೂ ಇಲ್ಲ. ಮೊದಲ ದಿನವೇ ‘ಇಂಟ್ರಡ್ಯೂಸ್ ಯುವರ್‌ಸೆಲ್ಫ್’. ಇದು ಎಲ್ಲರಿಗೂ ಕಾಯಿಲೆ ತರುವುದಿಲ್ಲ. ಒಳಗೆ ಭಯ ಇದ್ದವರಿಗೆ ಮಾತ್ರ ದೊಡ್ಡ ಹೊಡೆತ.

ನನ್ನ ಐದು ವರ್ಷದ ಮಗ ಮನೆಯಲ್ಲಿ ಪಟಪಟ ಮಾತಾಡುತ್ತಾನೆ, ಸ್ಕೂಲಿನಲ್ಲಿ ಒಂದಕ್ಷರ ಇಲ್ಲ. ಇದೇನಾ?

ಮನೆಯಲ್ಲಿ ಸರಿಯಾಗಿ ಮಾತಾಡುವ ಮಗು ಶಾಲೆಯಂಥ ಕೆಲವು ಜಾಗಗಳಲ್ಲಿ ಮಾತ್ರ ಬಾಯಿ ಕಟ್ಟಿದಂತಾಗುವುದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಸಾಮಾನ್ಯವಾಗಿ ಐದು ವರ್ಷದ ಒಳಗೇ ಶುರುವಾಗುತ್ತದೆ. ಶಾಲೆಗೆ ಸೇರಿಸಿದಾಗಲೇ ಹೆಚ್ಚಾಗಿ ಗೊತ್ತಾಗುವುದು. ಹಟವಲ್ಲ, ಸೊಕ್ಕಲ್ಲ, ಆತಂಕ. ಇಂಥ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಸೋಶಿಯಲ್ ಆಂಗ್ಸೈಟಿಯೂ ಇರುತ್ತದೆ. ಶಾಲೆಗೆ ಸೇರಿದ ಮೊದಲ ತಿಂಗಳು ಮಾತಾಡದಿದ್ದರೆ ಗಾಬರಿ ಬೇಡ. ಅದು ದಾಟಿಯೂ ಮೌನವೇ ಮುಂದುವರಿದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ‘ಮಾತಾಡಿದ್ರೆ ಚಾಕಲೇಟ್ ಕೊಡ್ತೀನಿ’ ಎಂದು ಎಲ್ಲರ ಮುಂದೆ ನಿಲ್ಲಿಸಬೇಡಿ, ಮಗು ಇನ್ನಷ್ಟು ಮುದುಡುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಗುರುತು ನೆನಪಿರಲಿ. ಮಗು ದೊಡ್ಡವರ ಮುಂದೆ ಮಾತ್ರ ಹೆದರಿ, ತನ್ನ ವಯಸ್ಸಿನವರ ಜೊತೆ ಆರಾಮಾಗಿದ್ದರೆ ವೈದ್ಯರು ಇದನ್ನು ಸೋಶಿಯಲ್ ಆಂಗ್ಸೈಟಿ ಎನ್ನುವುದಿಲ್ಲ.

ಮಗಳು ತುಂಬಾ ಸಾಧು. ಯಾರ ತಂಟೆಗೂ ಹೋಗಲ್ಲ, ಓದ್ತಾಳೆ. ಚಿಂತೆ ಮಾಡಬೇಕಾ?

ಈ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಗಲಾಟೆ ಮಾಡುವ ಮಗುವನ್ನು ನಾವು ಬೇಗ ಕರೆದುಕೊಂಡು ಹೋಗುತ್ತೇವೆ. ಸುಮ್ನಿರುವ ಮಗುವನ್ನು ಹೊಗಳುತ್ತೇವೆ. ‘ಎಷ್ಟು ಒಳ್ಳೆ ಹುಡುಗಿ, ದನಿಯೇ ಕೇಳಲ್ಲ’ ಅನ್ನುತ್ತಾರೆ ನೆಂಟರು. ರಿಪೋರ್ಟ್ ಕಾರ್ಡಿನಲ್ಲಿ ನಡತೆ ಉತ್ತಮ ಎಂದು ಬರುತ್ತದೆ. ಹೀಗೆ ಕಾಯಿಲೆ ಹೊಗಳಿಕೆಯ ಹಿಂದೆ ಕೂತುಬಿಡುತ್ತದೆ. ಮಾತು ಕಡಿಮೆ ಇರುವುದು ತೊಂದರೆಯಲ್ಲ. ಮಾತಾಡಬೇಕು ಅನಿಸಿಯೂ ಭಯಕ್ಕೆ ಆಗದಿರುವುದು ತೊಂದರೆ.

ಇಂಥವನ್ನು ಗಮನಿಸಿ. ಉತ್ತರ ಗೊತ್ತಿದ್ದೂ ಕೈ ಎತ್ತುವುದಿಲ್ಲ. ಸೆಮಿನಾರ್, ವೈವಾ ಇರುವ ದಿನವೇ ಹೊಟ್ಟೆನೋವು, ಭಾನುವಾರ ಇರುವುದಿಲ್ಲ. ಟಿಫಿನ್ ಡಬ್ಬಿ ತುಂಬಿದ್ದು ತುಂಬಿದ ಹಾಗೆ ವಾಪಸ್ ಬರುತ್ತದೆ, ಏಕೆಂದರೆ ಎಲ್ಲರ ಮುಂದೆ ತಿನ್ನಲು ಆಗುವುದಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗದೆ ಸಂಜೆವರೆಗೆ ತಡೆದುಕೊಳ್ಳುತ್ತಾಳೆ. ಅಂಗಡಿಗೆ ಕಳಿಸಿದರೆ ತಮ್ಮನನ್ನು ಮುಂದೆ ದೂಡುತ್ತಾಳೆ. ಮನೆಗೆ ನೆಂಟರು ಬಂದರೆ ರೂಮು ಸೇರಿ ನೀರು ಕುಡಿಯಲೂ ಆಚೆ ಬರುವುದಿಲ್ಲ. ಒಂದೆರಡು ಇದ್ದರೆ ಎಲ್ಲ ಮಕ್ಕಳಲ್ಲೂ ಇರುವಂಥದ್ದೇ. ಸುಮಾರು ಎಲ್ಲವೂ ಇದ್ದು, ತಿಂಗಳುಗಟ್ಟಲೆ ಹಾಗೇ ಇದ್ದು, ಅವಳಿಗೇ ಇದು ಹಿಂಸೆಯಾಗುತ್ತಿದ್ದರೆ ಒಮ್ಮೆ ತೋರಿಸಿ.

ಕೇಳುವಾಗ ‘ಯಾಕೆ ಹೀಗಾಡ್ತೀಯ’ ಅನ್ನಬೇಡಿ. ‘ಕ್ಲಾಸಲ್ಲಿ ಎದ್ದು ನಿಲ್ಲಬೇಕಾದ್ರೆ ಎದೆ ಹೊಡ್ಕೊಳುತ್ತಾ ಪುಟ್ಟಿ?’ ಎಂದು ಕೇಳಿ ನೋಡಿ.

ದೊಡ್ಡವರಾದ ಮೇಲೆ ಹೊಸದಾಗಿ ಬರಬಹುದಾ?

ಬರಬಹುದು, ಆದರೆ ಅಪರೂಪ. ಬಂದಾಗ ಹಿಂದೆ ಸಾಮಾನ್ಯವಾಗಿ ಏನೋ ನಡೆದಿರುತ್ತದೆ. ಹತ್ತು ಜನರ ಮುಂದೆ ದೊಡ್ಡ ಅವಮಾನ, ಅಥವಾ ಬದುಕಿನಲ್ಲಿ ಹೊಸ ಪಾತ್ರ. ಪ್ರಮೋಷನ್ ಸಿಕ್ಕಿ ದಿನಾ ಮೀಟಿಂಗ್ ನಡೆಸಬೇಕಾಗಿ ಬಂದವರು, ತಮ್ಮ ಮನೆಗಿಂತ ತೀರಾ ಬೇರೆ ಅಂತಸ್ತಿನ ಮನೆಗೆ ಮದುವೆಯಾಗಿ ಹೋದವರು ಹೀಗೆ ಹೇಳುವುದುಂಟು. ಎಷ್ಟೋ ಸಲ ಕೆದಕಿ ಕೇಳಿದರೆ ಭಯ ಹೈಸ್ಕೂಲಿನಿಂದಲೇ ಇದ್ದದ್ದು ಗೊತ್ತಾಗುತ್ತದೆ. ಅಲ್ಲಿಯವರೆಗೆ ತಪ್ಪಿಸಿಕೊಂಡು ಬದುಕಲು ಜಾಗ ಇತ್ತು, ಈಗ ಇಲ್ಲ.

ಸ್ಕಿಜೋಫ್ರೇನಿಯಾ, ಪಾರ್ಕಿನ್ಸನ್, ಥೈರಾಯ್ಡ್ ಇಂಥವೂ ಕೆಲವೊಮ್ಮೆ ಮೇಲ್ನೋಟಕ್ಕೆ ಹೀಗೇ ಕಾಣಬಹುದು. ಹಾಗಾಗಿ ನಡುವಯಸ್ಸಿನಲ್ಲಿ ದಿಢೀರನೆ ಶುರುವಾದರೆ ಒಮ್ಮೆ ಪೂರ್ತಿ ತಪಾಸಣೆ ಒಳ್ಳೆಯದು.

ಎದೆ ಡವಡವ, ಕೈ ನಡುಕ, ಮುಖ ಕೆಂಪು. ಹಾರ್ಟ್ ಪ್ರಾಬ್ಲಮ್ಮಾ?

ಅಪಾಯ ಬಂದಾಗ ಮೈ ಮಾಡುವ ಕೆಲಸವೇ ಇದು. ಅಡ್ರಿನಲಿನ್ ಏರುತ್ತದೆ. ಎದೆಬಡಿತ ಜೋರಾಗುತ್ತದೆ, ನಾಲಿಗೆ ಒಣಗುತ್ತದೆ, ಅಂಗೈ ಬೆವರುತ್ತದೆ, ತಲೆ ಖಾಲಿಯಾದಂತೆ ಅನಿಸುತ್ತದೆ. ಕಷ್ಟ ಏನೆಂದರೆ, ಈ ನಡುಕವೇ ಎಲ್ಲರಿಗೂ ಕಾಣುತ್ತದೆ ಎನ್ನುವುದು ಇನ್ನೊಂದು ಭಯವಾಗುತ್ತದೆ. ಬ್ಯಾಂಕಿನಲ್ಲಿ ಕ್ಲರ್ಕ್ ನೋಡುತ್ತಿರುವಾಗ ಸಹಿ ಹಾಕಲು ಆಗದವರಿದ್ದಾರೆ. ಮನೆಯಲ್ಲಿ ಅದೇ ಸಹಿ ನೀಟಾಗಿ ಬರುತ್ತದೆ. ಜನರ ಮುಂದೆ ಮಾತ್ರ ಹೀಗಾಗಿ, ಒಬ್ಬರೇ ಇದ್ದಾಗ ಆಗದಿದ್ದರೆ ಆತಂಕದ ಕಡೆ ಬೊಟ್ಟು ಮಾಡುತ್ತದೆ. ಮೆಟ್ಟಿಲು ಹತ್ತುವಾಗ ಎದೆನೋವು, ಉಸಿರುಕಟ್ಟುವಿಕೆ ಇದ್ದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅನಿಸುತ್ತದೆ. ನಿಜಕ್ಕೂ ನೋಡ್ತಾರಾ?

ನೀವು ಅಂದುಕೊಂಡಷ್ಟು ಇಲ್ಲ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು, 2000ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಒಬ್ಬ ಹಳೆಯ ಗಾಯಕನ ದೊಡ್ಡ ಚಿತ್ರವಿದ್ದ ಟೀ ಶರ್ಟ್ ಹಾಕಿಸಿದರು. ಆ ವಯಸ್ಸಿನವರಿಗೆ ಅದನ್ನು ಹಾಕಿಕೊಳ್ಳುವುದೇ ನಾಚಿಕೆ. ಹಾಗೇ ಒಂದು ಕೋಣೆಯೊಳಗೆ ಕಳಿಸಿ, ಅಲ್ಲಿದ್ದವರಲ್ಲಿ ಎಷ್ಟು ಜನ ಶರ್ಟನ್ನು ಗಮನಿಸಿರಬಹುದು ಎಂದು ಆಮೇಲೆ ಕೇಳಿದರು. ಹೆಚ್ಚುಕಮ್ಮಿ ಅರ್ಧದಷ್ಟು ಜನ ಎಂದರು ಶರ್ಟ್ ಹಾಕಿದವರು. ನಿಜವಾಗಿ ಗಮನಿಸಿದ್ದು ಕಾಲುಭಾಗಕ್ಕಿಂತ ಕಡಿಮೆ. ಇವರೆಲ್ಲ ಕಾಯಿಲೆಯವರಲ್ಲ, ಸಾಮಾನ್ಯ ವಿದ್ಯಾರ್ಥಿಗಳು. ಅವರ ಊಹೆಯೇ ಇಷ್ಟು ತಪ್ಪಿದರೆ, ಭಯ ತುಂಬಿದ ತಲೆಯ ಊಹೆ ಎಷ್ಟು ತಪ್ಪಬಹುದು ನೋಡಿ.

ಸ್ಟೇಜ್ ಮೇಲೆ ಮಾತ್ರ ಭಯ. ಉಳಿದಂತೆ ಆರಾಮಾಗಿದ್ದೇನೆ.

ಭಾಷಣ, ಹಾಡು, ವೈವಾ, ಪ್ರೆಸೆಂಟೇಶನ್ ಇವಕ್ಕೆ ಮಾತ್ರ ಸೀಮಿತವಾದ ಬಗೆಯೂ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ (2013) ಅದನ್ನು ಬೇರೆಯಾಗಿ ಗುರುತಿಸುತ್ತದೆ. ವೃತ್ತಿಗೆ ಅಡ್ಡ ಬರುತ್ತಿದ್ದರೆ ಚಿಕಿತ್ಸೆ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ಭಾಷಣಕ್ಕೆ ಹೆದರಿಕೆಯಾದರೆ ಅದು ಎಲ್ಲರಿಗೂ ಆಗುವಂಥದ್ದು.

ಎಷ್ಟು ಜನಕ್ಕಿದೆ?

28 ಸಮೀಕ್ಷೆಗಳನ್ನು ಸೇರಿಸಿದ ಜಾಗತಿಕ ಲೆಕ್ಕದಲ್ಲಿ ನೂರಕ್ಕೆ ಸುಮಾರು 4 ಜನಕ್ಕೆ ಜೀವನದಲ್ಲಿ ಯಾವಾಗಲಾದರೂ ಬಂದಿತ್ತು. ಅಮೆರಿಕದಲ್ಲಿ ಮಾತ್ರ ನೂರಕ್ಕೆ ಸುಮಾರು 12. ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ನಮ್ಮ ದೇಶದಲ್ಲಿ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇನ್ನೊಂದು ಮುಖ ತೋರಿಸಿತು. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮೊದಲ ಲೆಕ್ಕಕ್ಕಿಂತ ಈ ಎರಡನೆಯದು ನನಗೆ ಹೆಚ್ಚು ನೋವು ಕೊಡುತ್ತದೆ.

ನಾವು ಬೆಳೆಸಿದ್ದು ತಪ್ಪಾಯಿತಾ?

ಒಂದೇ ಕಾರಣ ಯಾವತ್ತೂ ಇರುವುದಿಲ್ಲ. ವಂಶದಿಂದ ಬರುವ ಪಾಲು ಇದೆ. ಹಾರ್ವರ್ಡಿನ ಜೆರೋಮ್ ಕೇಗನ್ 1980ರ ದಶಕದಲ್ಲಿ ಪುಟ್ಟ ಮಕ್ಕಳನ್ನು ಗಮನಿಸಿ, ಹೊಸ ಮುಖ, ಹೊಸ ವಸ್ತು ಕಂಡರೆ ಹಿಂದೆ ಸರಿಯುವ ಸ್ವಭಾವದವರನ್ನು ಗುರುತಿಸಿದರು. ಅಂಥ ಮಕ್ಕಳಿಗೆ ಮುಂದೆ ಸೋಶಿಯಲ್ ಆಂಗ್ಸೈಟಿ ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಜಾಸ್ತಿ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಹಾಗಂತ ಅವರೆಲ್ಲರಿಗೂ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಯಿಲೆಯಿಲ್ಲದೆ ಬೆಳೆಯುತ್ತಾರೆ.

ಮನೆಯ ಪಾತ್ರ ಇಲ್ಲಿ ಬರುತ್ತದೆ. ಮಗು ಹೆದರಿದಾಗಲೆಲ್ಲ ಅದರ ಪರವಾಗಿ ನಾವೇ ಮಾತಾಡಿಬಿಟ್ಟರೆ ಭಯ ಗಟ್ಟಿಯಾಗುತ್ತದೆ. ‘ಪುಕ್ಕಲ’, ‘ಮೊದ್ದು’ ಎಂದು ಎಲ್ಲರ ಮುಂದೆ ಆಡಿಕೊಂಡರೂ ಅಷ್ಟೇ. ಮಾತು ಮಾತಿಗೂ ‘ಜನ ಏನಂತಾರೆ’ ಎನ್ನುವ ಮನೆಯಲ್ಲಿ, ಜನ ಎಂದರೆ ತಪ್ಪು ಹುಡುಕಲು ಕೂತವರು ಎಂದು ಮಗು ಕಲಿಯುತ್ತದೆ. ಬಣ್ಣ, ಜಾತಿ, ಉಗ್ಗು, ದಪ್ಪ ಮೈ ಇವನ್ನು ಹಿಡಿದು ಶಾಲೆಯಲ್ಲಿ ಕಾಡುವುದೂ ದೊಡ್ಡ ಕಾರಣ. ಇಂಥ ಕಡೆ ಭಯ ಮಗುವಿನ ತಲೆಯೊಳಗೆ ಮಾತ್ರ ಇಲ್ಲ, ಎದುರಿಗೆ ನಿಜವಾಗಿಯೂ ಹಿಂಸಿಸುವವರಿದ್ದಾರೆ. ಮೊದಲು ಅದನ್ನು ನಿಲ್ಲಿಸಬೇಕು.

ಡಿಪ್ರೆಶನ್‌ಗೂ ಇದಕ್ಕೂ ಏನು ಸಂಬಂಧ?

ಹತ್ತಿರದ ಸಂಬಂಧ. ಸೋಶಿಯಲ್ ಆಂಗ್ಸೈಟಿ ಇರುವವರಲ್ಲಿ ಬಹುಪಾಲು ಜನಕ್ಕೆ ಬದುಕಿನಲ್ಲಿ ಇನ್ನೊಂದಾದರೂ ಮಾನಸಿಕ ತೊಂದರೆ ಬರುತ್ತದೆ. ಎರಡೂ ಇದ್ದಾಗ ಮೊದಲು ಬಂದದ್ದು ಹೆಚ್ಚಾಗಿ ಸೋಶಿಯಲ್ ಆಂಗ್ಸೈಟಿಯೇ.

ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡಿ. ಹದಿಮೂರಕ್ಕೆ ಹುಡುಗ ಆಟಕ್ಕೆ ಹೋಗುವುದು ಬಿಟ್ಟ. ಹದಿನಾರಕ್ಕೆ ಗೆಳೆಯರು ಇಬ್ಬರೇ ಉಳಿದರು. ಹತ್ತೊಂಬತ್ತಕ್ಕೆ ಕ್ಯಾಂಪಸ್ ಇಂಟರ್‌ವ್ಯೂ ದಿನ ರೂಮಿನಲ್ಲೇ ಉಳಿದ. ಇಪ್ಪತ್ತೆರಡಕ್ಕೆ, ಓದಿದ್ದಕ್ಕಿಂತ ಚಿಕ್ಕ ಕೆಲಸ, ಯಾರ ಜೊತೆಗೂ ಮಾತಿಲ್ಲ. ಆಗ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನಿಸತೊಡಗಿತು. ಮನೆಯವರಿಗೆ ಕಾಣುವುದು ಇಪ್ಪತ್ತೆರಡರ ಡಿಪ್ರೆಶನ್ ಮಾತ್ರ. ಅದಕ್ಕೆ ಮಾತ್ರೆ ಕೊಟ್ಟು, ಕೆಳಗಿರುವ ಭಯವನ್ನು ಯಾರೂ ಕೇಳದೆ ಹೋದರೆ ಕೆಲವು ತಿಂಗಳಲ್ಲಿ ಮತ್ತೆ ಅಲ್ಲೇ ಬಂದು ನಿಲ್ಲುತ್ತಾನೆ. ಡಾಕ್ಟರ ಹತ್ತಿರ ಹೋದಾಗ ‘ಇದು ಶುರುವಾಗಿ ಎರಡು ತಿಂಗಳಾಯ್ತು’ ಎಂದಷ್ಟೇ ಹೇಳಬೇಡಿ. ಹೈಸ್ಕೂಲಿನಲ್ಲಿ ಹೇಗಿದ್ದಿರಿ ಎನ್ನುವುದನ್ನೂ ಹೇಳಿ.

ಸಾಯುವ ಯೋಚನೆ ಬರುತ್ತಿದ್ದರೆ ಈ ಪುಟ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಈಗಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ತುರ್ತು ಅಪಾಯವಿದ್ದರೆ 112. ಜೊತೆಗಿರುವ ಒಬ್ಬರಿಗಾದರೂ ಹೇಳಿ.

ಎರಡು ಪೆಗ್ ಹಾಕಿದರೆ ಮಾತು ಸಲೀಸು. ಅದರಲ್ಲಿ ತಪ್ಪೇನು?

ಆ ರಾತ್ರಿಗೆ ಸಲೀಸು, ನಿಜ. ಆದರೆ ‘ಕುಡಿಯದೆ ನನಗೆ ಆಗಲ್ಲ’ ಎನ್ನುವ ನಂಬಿಕೆ ಪ್ರತಿ ಸಲ ಇನ್ನಷ್ಟು ಗಟ್ಟಿಯಾಗುತ್ತದೆ. ಮರುದಿನ ನಶೆ ಇಳಿದಾಗ ಆತಂಕ ಮೊದಲಿಗಿಂತ ಜಾಸ್ತಿ. ಸೋಶಿಯಲ್ ಆಂಗ್ಸೈಟಿ ಇರುವವರಲ್ಲಿ ಕುಡಿತದ ಚಟ ಹತ್ತುವ ಸಾಧ್ಯತೆ ಹೆಚ್ಚು. ಅಲ್ಲೂ ಸಾಮಾನ್ಯವಾಗಿ ಮೊದಲು ಭಯ, ಆಮೇಲೆ ಕುಡಿತ. ಚಟ ಬಿಡಿಸುವ ಕಡೆಗೆ ಹೋದರೆ ಈ ಭಯದ ಬಗ್ಗೆಯೂ ಬಾಯಿ ಬಿಟ್ಟು ಹೇಳಿ.

ನನಗಿರುವುದು ಇಂಗ್ಲಿಷ್ ಬರಲ್ಲ ಅನ್ನುವ ಭಯ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದರೆ ಸಾಕಾ?

ಒಂದು ಪರೀಕ್ಷೆ ಮಾಡಿ. ಕನ್ನಡದವರೇ ಇರುವ ಗುಂಪಿನಲ್ಲಿ, ಕನ್ನಡದಲ್ಲಿ ಮಾತಾಡುವಾಗ ಆರಾಮಾಗಿದ್ದೀರಾ? ಹಾಗಿದ್ದರೆ ಬೇಕಾಗಿರುವುದು ಭಾಷೆಯ ಅಭ್ಯಾಸ. ಅಲ್ಲೂ ಗಂಟಲು ಕಟ್ಟಿದರೆ ಇಂಗ್ಲಿಷ್ ಕ್ಲಾಸು ಭಯವನ್ನು ಓಡಿಸುವುದಿಲ್ಲ. ವ್ಯಾಕರಣ ಪೂರ್ತಿ ಕಲಿತ ಮೇಲೂ ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡೇ ಕೂರುವವರು ಬೇಕಾದಷ್ಟು ಜನ ಇದ್ದಾರೆ.

ಮದುವೆ ಮಾಡಿದರೆ ಸರಿಹೋಗುತ್ತಾ?

ಇಲ್ಲ. ಹೊಸ ಮನೆ, ಹೊಸ ಜನ, ದಿನವಿಡೀ ಎಲ್ಲರ ಕಣ್ಣು. ಮೊದಲು ಚಿಕಿತ್ಸೆ ಕೊಡಿಸಿ.

ಚಿಕಿತ್ಸೆ ಅಂದರೆ ಏನು ಮಾಡುತ್ತಾರೆ? ಬರೀ ಮಾತಾ?

ಮಾತಿಗಿಂತ ಮಾಡುವುದೇ ಜಾಸ್ತಿ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಬದಲಿಸುವ ಚಿಕಿತ್ಸೆ) ಎಂಬ ವಿಧಾನ ಇದಕ್ಕೆ ಮೊದಲ ಆಯ್ಕೆ. 2014ರಲ್ಲಿ ಪ್ರಕಟವಾದ, 101 ಪ್ರಯೋಗಗಳನ್ನು ಹೋಲಿಸಿ ನೋಡಿದ ಅಧ್ಯಯನದಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕೊಡುವ ಸಿಬಿಟಿ ಮುಂದಿತ್ತು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ 14ರಷ್ಟು ಭೇಟಿ ಎಂದಿದೆ. ನಮ್ಮಲ್ಲಿ ಎಷ್ಟು ಭೇಟಿ ಸಿಗುತ್ತದೆ ಎನ್ನುವುದು ಊರು, ಆಸ್ಪತ್ರೆ ನೋಡಿಕೊಂಡು ಬದಲಾಗುತ್ತದೆ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲ ಎಂದು ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರೆ. ಇಳಿಯುವ ಮೊದಲು ಕೇಳಿ ಪಡೆಯಬೇಕು. ಇಡೀ ಬಸ್ಸು ತಿರುಗಿ ನೋಡುತ್ತದೆ ಎನ್ನುವ ಭಯಕ್ಕೆ ಎಂಬತ್ತು ರೂಪಾಯಿಯನ್ನೂ ಬಿಟ್ಟು ಇಳಿದುಹೋಗುವವರಿದ್ದಾರೆ. ಚಿಕಿತ್ಸಕರು ಇದನ್ನೇ ಒಂದು ಪ್ರಯೋಗ ಮಾಡಿಕೊಳ್ಳುತ್ತಾರೆ. ಕೇಳುವ ಮೊದಲು ಊಹೆಯನ್ನು ಬರೆದುಕೊಳ್ಳಿ: ‘ದನಿ ನಡುಗುತ್ತೆ, ಕಂಡಕ್ಟರ್ ಬೈತಾರೆ, ಹಿಂದಿನ ಸೀಟಿನವರು ನಗ್ತಾರೆ.’ ಆಮೇಲೆ ಹೋಗಿ ಕೇಳಿ. ‘ಸರ್, ಚೇಂಜ್ ಎಂಬತ್ತು ಕೊಡಬೇಕಿತ್ತು.’ ಕೇಳುವಾಗ ಗಮನ ನಿಮ್ಮ ದನಿಯ ಮೇಲೆ ಬೇಡ, ಕಂಡಕ್ಟರ್ ಏನು ಮಾಡುತ್ತಿದ್ದಾರೆ ಎನ್ನುವುದರ ಮೇಲೆ ಇರಲಿ. ಹೆಚ್ಚಿನ ಸಲ ಅವರು ಮುಖವನ್ನೂ ನೋಡದೆ ಚೀಲಕ್ಕೆ ಕೈ ಹಾಕಿ ಎಣಿಸಿ ಕೊಟ್ಟು ‘ಮುಂದೆ ಹೋಗಿ’ ಎನ್ನುತ್ತಾರೆ. ಇಳಿದ ಮೇಲೆ ಊಹೆಗೂ ನಡೆದದ್ದಕ್ಕೂ ಎಷ್ಟು ದೂರ ಎಂದು ಬರೆಯಿರಿ. ಒಂದು ಪಕ್ಷ ಕಂಡಕ್ಟರ್ ಸಿಡುಕಿದರೂ, ಅದನ್ನು ತಡೆದುಕೊಂಡೆ ಎನ್ನುವುದು ಗೊತ್ತಾಗುತ್ತದೆ. ಅದೂ ಪಾಠವೇ.

ಹೀಗೆ ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತಾರೆ. ಅಂಗಡಿಯಲ್ಲಿ ಬೆಲೆ ಕೇಳುವುದು, ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳುವುದು, ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಕೂತು ತಿನ್ನುವುದು. ಜೊತೆಗೆ, ಭಯ ಮುಚ್ಚಿಡಲು ಮಾಡುವ ಉಪಾಯಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಮೊಬೈಲಿನಲ್ಲಿ ತಲೆ ಹುದುಗಿಸುವುದು, ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದು, ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಉರುಹೊಡೆದು ಆಮೇಲೆ ಆಡುವುದು. ಇವು ಕಾಪಾಡುತ್ತವೆ ಅನಿಸುತ್ತದೆ, ಆದರೆ ಭಯವನ್ನು ಜೀವಂತ ಇಡುವುದೇ ಇವು. ಕೆಲವರಿಗೆ ಅವರು ಮಾತಾಡಿದ್ದನ್ನು ವಿಡಿಯೋ ಮಾಡಿ ತೋರಿಸುತ್ತಾರೆ. ಒಳಗೆ ಅಷ್ಟೊಂದು ನಡುಗಿದ್ದು ಹೊರಗೆ ಬಹಳ ಕಡಿಮೆ ಕಂಡಿತ್ತು ಎಂದು ಆಗ ನಂಬಿಕೆ ಬರುತ್ತದೆ.

ಮಾತ್ರೆ ಬೇಕಾ? ಚಟವಾಗುತ್ತಾ?

ಎಲ್ಲರಿಗೂ ಬೇಕಿಲ್ಲ. ಬೇಕಾದಾಗ ಸಾಮಾನ್ಯವಾಗಿ ಎಸಿಟಾಲೊಪ್ರಾಮ್, ಸರ್ಟ್ರಲಿನ್ ಗುಂಪಿನ ಮಾತ್ರೆ ಕೊಡುತ್ತಾರೆ. ಇವು ಚಟ ಹತ್ತಿಸುವಂಥವಲ್ಲ. ಗುಣ ಕಾಣಲು ಕೆಲವು ವಾರ ಬೇಕು, ಪೂರ್ತಿ ಪರಿಣಾಮಕ್ಕೆ 12 ವಾರದವರೆಗೂ ಆಗಬಹುದು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಆಗಬಹುದು. ಆಗಲೇ ನಿಲ್ಲಿಸಿಬಿಡುವವರಿದ್ದಾರೆ, ಸ್ವಲ್ಪ ತಾಳಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಬರುತ್ತಿದೆಯಾ ಎಂದು ಮನೆಯವರು ಗಮನಿಸುತ್ತಿರಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಸಣ್ಣ ಮಕ್ಕಳಿಗೆ ಮೊದಲು ಸಿಬಿಟಿಯೇ.

ಅಲ್ಪ್ರಾಜೋಲಾಮ್‌ನಂಥ ನಿದ್ದೆ ತರಿಸುವ ಮಾತ್ರೆ ಮಾತ್ರ ಬೇರೆ ಜಾತಿ. ತಕ್ಷಣ ಹಿತವಾಗುತ್ತದೆ, ಚಟವೂ ಹತ್ತುತ್ತದೆ. ಗೆಳೆಯ ಕೊಟ್ಟ ಎಂದು ನುಂಗಬೇಡಿ. ಸ್ಟೇಜ್ ಭಯಕ್ಕೆ ಕೆಲವರು ತೆಗೆದುಕೊಳ್ಳುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯಕಾರಿ.

ಎಲ್ಲಿಗೆ ಹೋಗಬೇಕು? ನಮ್ಮೂರಲ್ಲಿ ಯಾರೂ ಇಲ್ಲ.

ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೇ ತೋರಿಸಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವೇ ಇವತ್ತಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಅಲ್ಲೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡ ಸರ್ಕಾರಿ ಸಂಸ್ಥೆಗಳು.

ಡಾಕ್ಟರ ಮುಂದೆ ಮಾತಾಡಲಿಕ್ಕೇ ಭಯ. ಆಗ?

ಈ ಕಾಯಿಲೆಯ ದೊಡ್ಡ ಅಡ್ಡಿಯೇ ಇದು. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದ ಕೂಡಲೇ ಕೈಗೆ ಕೊಡಿ. ‘ಎಂಟನೇ ಕ್ಲಾಸಿನಿಂದ ಜನರ ಮುಂದೆ ಭಯ. ಇಂತಿಂಥ ಕಡೆ ಹೋಗುವುದು ಬಿಟ್ಟಿದ್ದೇನೆ. ಈಗ ಹೇಳಲು ಆಗುತ್ತಿಲ್ಲ.’ ಇಷ್ಟು ಸಾಕು. ಜೊತೆಗೆ ಅಕ್ಕನೋ ಗೆಳೆಯನೋ ಬರಲಿ, ಆದರೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲು ಅವಕಾಶ ಕೇಳಿ. ಆಸ್ಪತ್ರೆಯ ಸಾಲು, ಚೀಟಿ ಕೌಂಟರು ಕಷ್ಟವಾದರೆ ಮೊದಲ ಹೆಜ್ಜೆ ಫೋನಿನಲ್ಲಿ ಆಗಲಿ.

ಊರಿಗೆಲ್ಲ ಗೊತ್ತಾಗುತ್ತಾ? ಕೆಲಸಕ್ಕೆ ತೊಂದರೆ?

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವ ಹಕ್ಕನ್ನೂ ಗುಟ್ಟು ಕಾಪಾಡುವ ಹಕ್ಕನ್ನೂ ಕೊಟ್ಟಿದೆ. ನಿಮ್ಮ ವಿವರವನ್ನು ವೈದ್ಯರು ಸುಮ್ಮಸುಮ್ಮನೆ ಬೇರೆಯವರಿಗೆ ಹೇಳುವಂತಿಲ್ಲ. ಪ್ರಾಣಕ್ಕೆ ಅಪಾಯದಂಥ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿ ಇದೆ. ಆಫೀಸಿನಲ್ಲಿ ಹೇಳುವುದು ಬಿಡುವುದು ನಿಮ್ಮ ಇಷ್ಟ.

ಮೇಷ್ಟ್ರು ಏನು ಮಾಡಬಹುದು?

ಬಹಳ. ಇದು ಶುರುವಾಗುವ ವಯಸ್ಸಿನಲ್ಲಿ ಮಗು ದಿನಕ್ಕೆ ಆರೇಳು ಗಂಟೆ ನಿಮ್ಮ ಕಣ್ಣ ಮುಂದೆಯೇ ಇರುತ್ತದೆ. ಹೆದರುವ ಮಗುವನ್ನು ದಿಢೀರನೆ ಎಬ್ಬಿಸಿ ನಿಲ್ಲಿಸಬೇಡಿ. ಹಾಗಂತ ಪೂರ್ತಿ ಬಿಟ್ಟೂ ಬಿಡಬೇಡಿ. ‘ನಾಳೆ ಎರಡನೇ ಪ್ರಶ್ನೆ ನಿನಗೆ ಕೇಳ್ತೀನಿ’ ಎಂದು ಹಿಂದಿನ ದಿನವೇ ಹೇಳಿ. ಮೊದಲು ಇಬ್ಬರು ಗೆಳತಿಯರ ಮುಂದೆ ಓದಿಸಿ, ಆಮೇಲೆ ಒಂದು ಬೆಂಚಿನವರ ಮುಂದೆ, ಆಮೇಲೆ ಕ್ಲಾಸಿನ ಮುಂದೆ. ತಪ್ಪು ಉತ್ತರಕ್ಕೆ ನಗುವ ಕ್ಲಾಸನ್ನು ನೀವೇ ತಡೆಯಿರಿ.

ನನಗೀಗ 45. ಇನ್ನು ಏನು ಪ್ರಯೋಜನ?

ಇದೆ. ತಾನಾಗಿ ಹೋಗಲಿ ಎಂದು ಕಾಯುವುದರಲ್ಲಿ ಮಾತ್ರ ಅಷ್ಟು ಪ್ರಯೋಜನವಿಲ್ಲ. ಅಮೆರಿಕದಲ್ಲಿ ರೋಗಿಗಳನ್ನು 12 ವರ್ಷ ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ ಇದರಿಂದ ಹೊರಬಂದವರು ನೂರಕ್ಕೆ 37ರಷ್ಟು ಮಾತ್ರ. ಸಿಬಿಟಿ ಮತ್ತು ಮಾತ್ರೆ ದೊಡ್ಡವರಲ್ಲೂ ಕೆಲಸ ಮಾಡುತ್ತವೆ. ಮೂವತ್ತು ವರ್ಷದ ಅಭ್ಯಾಸ ಬಿಡಿಸಲು ಸ್ವಲ್ಪ ಹೆಚ್ಚು ಸಮಯ ಹಿಡಿಯಬಹುದು. ನಡುವೆ ಒಂದು ಕೆಟ್ಟ ವಾರ ಬಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ, ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಹೇಳಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರಲ್ಲೂ ಇದು ಇದೆಯಾ ಎಂದು ಅದೇ ಡಾಕ್ಟರನ್ನು ಕೇಳಿ.